ಅರ್ಥಶಾಸ್ತ್ರ ಓದಬಯಸುವ ಗೃಹಸ್ಥರಿಗೆ

ಅರ್ಥಶಾಸ್ತ್ರ ಎಂಬ ಮಾತು ಕಿವಿಗೆ ಬಿದ್ದೊಡನೆ ತಮಗೆ ಏನು ನೆನಪಾಗುವುದೋ ನಾನರಿಯೆ. ನನಗಂತೂ ಬಹುಕಾಲದವರೆಗೆ ಎರಡು ಸಂಗತಿಗಳು ಮಾತ್ರ ನೆನಪಾಗುತ್ತಿದ್ದವು: ಒಂದು, ಕೌಟಿಲ್ಯ; ಇನ್ನೊಂದು, ಬಜೆಟ್ಟಿನ ಮರುದಿನ ಪತ್ರಿಕೆಯ ಪುಟ ತುಂಬ ಬರುವ ಅಂಕಿಗಳ ಕೋಷ್ಟಕ. ಕೌಟಿಲ್ಯನು ಪಂಡಿತರ ಪಾಲಿಗೆ ಸೇರಿದವನು. ಕೋಷ್ಟಕವು ಲೆಕ್ಕ ಬಲ್ಲವರ ಪಾಲು. ಹಳಗನ್ನಡ, ಛಂದಸ್ಸು, ವ್ಯಾಕರಣಗಳಲ್ಲಿ ತರಬೇತಿ ಪಡೆದು, ಪ್ರೌಢಶಾಲೆಯ ಮಕ್ಕಳಿಗೆ ಲಘು ಗುರು ಎಣಿಸುವುದನ್ನು ಕಲಿಸುತ್ತ ಅರ್ಧ ಆಯುಷ್ಯವನ್ನು ಕಳೆದ ನನಗೆ, ಮಾತ್ರೆಗಳ ಲೆಕ್ಕವೊಂದು ತಪ್ಪದಿದ್ದರೆ ಸಾಕು, ರೂಪಾಯಿಯ ಲೆಕ್ಕ ಹೇಗೋ ನಡೆದೀತು ಎಂಬ ಧೈರ್ಯವಿತ್ತು. ಆ ಧೈರ್ಯಕ್ಕೆ ನಾನು ತೆತ್ತ ಬೆಲೆ 28,000 ರೂಪಾಯಿ.

ಸಂಗತಿ ಹೀಗೆ. 2011ರಲ್ಲಿ ನಮ್ಮ ಊರಿನ ಹೊರವಲಯದಲ್ಲಿ ನಿವೇಶನಗಳನ್ನು ಮಾಡಿ ಹಂಚುವುದಾಗಿ ಒಂದು ಖಾಸಗಿ ಸಂಸ್ಥೆಯವರು ಸಾರಿದರು. ತಿಂಗಳಿಗೆ 2,000 ರೂಪಾಯಿ. ಅರುವತ್ತು ಕಂತು ಮುಗಿದ ಮೇಲೆ ಮೂವತ್ತು-ನಲವತ್ತರ ನಿವೇಶನ. ನಾನೂ ಸೇರಿದೆ. ಮೂವತ್ತೊಂದು ಕಂತು ಕಟ್ಟಿದ್ದಾಗ ನಮ್ಮ ಶಾಲೆಯ ಗಣಿತದ ಮೇಷ್ಟ್ರು ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, “ಪಂಡಿತರೇ, ಆ ಜಮೀನಿನ ಕಾಗದಪತ್ರ ಸರಿಯಿಲ್ಲವಂತೆ. ಇಷ್ಟಕ್ಕೇ ನಿಲ್ಲಿಸಿಬಿಡಿ” ಎಂದರು. ಮನೆಗೆ ಬಂದು ಹೇಳಿದೆ. ನನ್ನಾಕೆ, “ನಾನು ಮೊದಲೇ ಹೇಳಿರಲಿಲ್ಲವೇ? ಈ ತಿಂಗಳಿಂದಲೇ ಕಟ್ಟಬೇಡಿ” ಎಂದಳು. ಇಬ್ಬರ ಮಾತೂ ನನಗೆ ಹಿಡಿಸಲಿಲ್ಲ. “ಈಗ ನಿಲ್ಲಿಸಿದರೆ ಕಟ್ಟಿದ 62,000 ರೂಪಾಯಿ ನೀರುಪಾಲಾಗುವುದಿಲ್ಲವೇ?” ಎಂದು ನಾನು ಕೇಳಿದೆ. ಅದು ನನಗೆ ಉತ್ತರವಿಲ್ಲದ ಪ್ರಶ್ನೆಯಾಗಿ ಕಂಡಿತು. ಇನ್ನೂ ಹದಿನಾಲ್ಕು ಕಂತು ಕಟ್ಟಿದೆ. ಹದಿನೈದನೆಯದನ್ನು ಕಟ್ಟಲು ಹೋದಾಗ ಕಚೇರಿಗೆ ಬೀಗ ಬಿದ್ದಿತ್ತು.

62,000 ರೂಪಾಯಿಯ ವಿಷಯದಲ್ಲಿ ನನ್ನನ್ನು ಮೋಸಗೊಳಿಸಿದವರು ಅವರು. ಆದರೆ ಆಮೇಲಿನ 28,000ದ ವಿಷಯದಲ್ಲಿ ಮೋಸಗಾರನು ಯಾರು? ಸಂದೇಹವನ್ನು ಕಿವಿಯಾರೆ ಕೇಳಿಯೂ ಕಟ್ಟಿದವನು ನಾನೇ. ಈ ಪ್ರಶ್ನೆ ನನ್ನನ್ನು ಓದಿನ ಕಡೆಗೆ ನೂಕಿತು.

ಪಂಡಿತನ ಸ್ವಭಾವಕ್ಕೆ ತಕ್ಕಂತೆ ನಾನು ಮೊದಲು ಹೋದದ್ದು ಕೌಟಿಲ್ಯನ ಬಳಿಗೇ. ಆ ಗ್ರಂಥ ಮತ್ತೆ ಲೋಕಕ್ಕೆ ದೊರೆತದ್ದು ನಮ್ಮ ಮೈಸೂರಿನಲ್ಲಿ ಎಂಬುದು ತಮಗೆ ತಿಳಿದೇ ಇದ್ದೀತು. ಶತಮಾನಗಳಿಂದ ಹೆಸರು ಮಾತ್ರವೇ ಉಳಿದಿದ್ದ ಆ ಶಾಸ್ತ್ರದ ತಾಳೆಗರಿಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಗುರುತಿಸಿ, 1909ರಲ್ಲಿ ಮುದ್ರಿಸಿ, 1915ರಲ್ಲಿ ಇಂಗ್ಲಿಷಿಗೆ ಅನುವಾದಿಸಿ ಕೊಟ್ಟವರು ಆರ್. ಶಾಮಾಶಾಸ್ತ್ರಿಗಳು. ಅದರಲ್ಲಿ ಅಧಿಕಾರಿಗಳು ಬೊಕ್ಕಸದ ಹಣವನ್ನು ನುಂಗುವ ನಲವತ್ತು ಬಗೆಗಳನ್ನು ಲೆಕ್ಕಹಾಕಿದ್ದಾನೆ, ಪುಣ್ಯಾತ್ಮ. ಓದುತ್ತ ಓದುತ್ತ ನಮ್ಮ ನಿವೇಶನದವರು ಇದನ್ನು ಬಾಯಿಪಾಠ ಮಾಡಿದ್ದರೇನೋ ಎನಿಸಿತು. ಆದರೆ ಅದು ರಾಜ್ಯವಾಳುವವನಿಗೆ ಹೇಳಿದ ಶಾಸ್ತ್ರ. ಪರರು ನಮ್ಮನ್ನು ಹೇಗೆ ವಂಚಿಸುವರೆಂಬುದು ಅಲ್ಲಿ ಬೇಕಾದಷ್ಟಿದೆ. ಗೃಹಸ್ಥನೊಬ್ಬನು ತನ್ನನ್ನು ತಾನೇ ಹೇಗೆ ವಂಚಿಸಿಕೊಳ್ಳುವನೆಂಬುದನ್ನು ಬೇರೆಡೆ ಹುಡುಕಬೇಕಾಯಿತು.

ಆಮೇಲೆ ನಾನು ಮಾಡಿದ ತಪ್ಪನ್ನು ತಾವು ಮಾಡಬಾರದೆಂದು ಹೇಳಿಬಿಡುತ್ತೇನೆ. ಕಾಲೇಜಿನ ಪಠ್ಯಪುಸ್ತಕವೊಂದನ್ನು ತಂದೆ. ಬೇಡಿಕೆಯ ರೇಖೆ ಕೆಳಗಿಳಿಯುವುದು, ಪೂರೈಕೆಯ ರೇಖೆ ಮೇಲೇರುವುದು, ಎರಡೂ ಒಂದೆಡೆ ಕೂಡುವುದು. ಮೂರನೆಯ ಅಧ್ಯಾಯಕ್ಕೆ ನಿದ್ರೆ ಬಂದಿತು. ಪಠ್ಯಪುಸ್ತಕವನ್ನು ನಾನು ಹಳಿಯುತ್ತಿಲ್ಲ. ಅದು ಪರೀಕ್ಷೆ ಬರೆಯುವವರಿಗೆ ಬೇಕು. ಆದರೆ ವ್ಯಾಕರಣವನ್ನು ಮೊದಲು ಕಲಿಸಿ ಆಮೇಲೆ ಮಗುವಿಗೆ ಮಾತು ಕಲಿಸಿದ ತಾಯಿ ಎಲ್ಲಿಯೂ ಇಲ್ಲವಷ್ಟೆ.

2018ರ ಬೇಸಗೆಯಲ್ಲಿ, ವಾಣಿಜ್ಯ ಓದುತ್ತಿದ್ದ ನನ್ನ ಮಗಳು ರಜೆಗೆ ಬಂದವಳು ಒಂದು ಪುಸ್ತಕವನ್ನು ನನ್ನ ಮುಂದಿಟ್ಟು, “ಅಪ್ಪ, ನಿಮ್ಮ ಸೈಟಿನ ಕಥೆ ಇದರಲ್ಲಿದೆ” ಎಂದಳು. ಅದು ಅಮೆರಿಕದ ರಿಚರ್ಡ್ ಥೇಲರ್ ಎಂಬವರು 2015ರಲ್ಲಿ ಪ್ರಕಟಿಸಿದ ‘ಮಿಸ್‌ಬಿಹೇವಿಂಗ್’. ಕನ್ನಡದಲ್ಲಿ ಹೇಳಬೇಕಾದರೆ ‘ಅಡ್ಡದಾರಿಯ ನಡತೆ’ ಎನ್ನಬಹುದೇನೋ. ಈ ದಿನ ನಾನು ತಮಗೆ ಮೊದಲು ಓದಿರೆಂದು ಹೇಳುವುದು ಇದನ್ನೇ. ಇಂಗ್ಲಿಷ್ ಪುಸ್ತಕವೆಂದು ಹಿಂಜರಿಯಬೇಡಿ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಪತ್ರಿಕೆ ಓದುವಷ್ಟು ಇಂಗ್ಲಿಷ್ ಬಂದರೆ ಸಾಕು. ಬರೆದವರಿಗೆ ಹಾಸ್ಯ ಗೊತ್ತು. ತಮ್ಮನ್ನು ತಾವೇ ನಕ್ಕುಕೊಳ್ಳುವುದೂ ಗೊತ್ತು.

ಅವರು ವಿದ್ಯಾರ್ಥಿಯಾಗಿದ್ದಾಗ ಸ್ನೇಹಿತರನ್ನು ಊಟಕ್ಕೆ ಕರೆದರಂತೆ. ಊಟಕ್ಕೆ ಮುಂಚೆ ಒಂದು ಬಟ್ಟಲು ಗೋಡಂಬಿ ತಂದಿಟ್ಟರು. ಎಲ್ಲರೂ ಮುಕ್ಕತೊಡಗಿದರು. ಹೀಗೇ ಬಿಟ್ಟರೆ ಊಟಕ್ಕೆ ಹಸಿವೇ ಉಳಿಯುವುದಿಲ್ಲವೆಂದು ಥೇಲರ್ ಬಟ್ಟಲನ್ನು ಎತ್ತಿ ಒಳಗಿಟ್ಟು ಬಂದರು. ಸ್ನೇಹಿತರು ಸಿಟ್ಟಾಗಲಿಲ್ಲ, ಒಳ್ಳೆಯದಾಯಿತೆಂದು ಕೃತಜ್ಞತೆ ಹೇಳಿದರು! ಅವರೆಲ್ಲ ಅರ್ಥಶಾಸ್ತ್ರದ ವಿದ್ಯಾರ್ಥಿಗಳು. ಕೂಡಲೆ ಚರ್ಚೆ ಶುರುವಾಯಿತು. ಶಾಸ್ತ್ರದ ಪ್ರಕಾರ ಆಯ್ಕೆಗಳು ಹೆಚ್ಚಿದಷ್ಟೂ ಮನುಷ್ಯನಿಗೆ ಒಳಿತು. ಬೇಡವಾದವನು ತಿನ್ನದೆ ಇರಬಹುದು. ಹಾಗಿದ್ದ ಮೇಲೆ ಬಟ್ಟಲನ್ನು ಕಿತ್ತುಕೊಂಡದ್ದಕ್ಕೆ ಸಂತೋಷವೇಕೆ? ಮದುವೆಮನೆಯಲ್ಲಿ ಎಲೆಯ ಮುಂದೆ ಕುಳಿತು ನಾಲ್ಕನೆಯ ಹೋಳಿಗೆಗೆ ಬೇಡವೆನ್ನಲಾರದೆ ಹಾಕಿಸಿಕೊಂಡವರಿಗೆಲ್ಲ ಉತ್ತರ ಗೊತ್ತು. ಆದರೆ ಶಾಸ್ತ್ರಕ್ಕೆ ಗೊತ್ತಿರಲಿಲ್ಲ. ಶಾಸ್ತ್ರದಲ್ಲಿದ್ದ ಮನುಷ್ಯ ಎಂದೂ ಹೆಚ್ಚು ತಿನ್ನದವನು, ಎಂದೂ ದುಂದುಮಾಡದವನು, ನಾಳೆಯದನ್ನು ಇಂದೇ ಎಣಿಸಬಲ್ಲವನು. ಅಂಥವನು ಎಲ್ಲಿದ್ದಾನೆಂದು ಕೇಳುತ್ತ ಥೇಲರ್ ನಲವತ್ತು ವರ್ಷ ಜಗಳವಾಡಿದರು. 2017ರಲ್ಲಿ ಅದೇ ಶಾಸ್ತ್ರದವರು ಅವರಿಗೆ ನೊಬೆಲ್ ಪಾರಿತೋಷಕ ಕೊಟ್ಟರು.

ಆ ಪುಸ್ತಕದಲ್ಲಿ ನನ್ನ ಕಥೆ ಇತ್ತು ಎಂದೆನಲ್ಲ. ಥೇಲರ್ ಮತ್ತು ಅವರ ಗೆಳೆಯರೊಬ್ಬರಿಗೆ ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ಟುಗಳು ಪುಕ್ಕಟೆಯಾಗಿ ಸಿಕ್ಕಿದ್ದವು. ಪಂದ್ಯ ದೂರದ ಊರಿನಲ್ಲಿ. ಆ ದಿನ ಹಿಮದ ಬಿರುಗಾಳಿ. ಹೋಗುವುದು ಬೇಡವೆಂದು ಇಬ್ಬರೂ ನಿಶ್ಚಯಿಸಿದರು. ಆಗ ಗೆಳೆಯರು, “ನಾವು ದುಡ್ಡು ಕೊಟ್ಟು ಟಿಕೆಟ್ಟು ಕೊಂಡಿದ್ದರೆ ಖಂಡಿತ ಹೋಗುತ್ತಿದ್ದೆವು” ಎಂಬರ್ಥದ ಮಾತನ್ನಾಡಿದರು. ಬಿರುಗಾಳಿ ಅದೇ, ದಾರಿ ಅದೇ, ಅಪಾಯ ಅದೇ. ಕೊಟ್ಟ ದುಡ್ಡಂತೂ ಹೋದರೂ ಬಾರದು, ಹೋಗದಿದ್ದರೂ ಬಾರದು. ಆದರೂ ಅದು ನಮ್ಮನ್ನು ಕತ್ತುಹಿಡಿದು ಬಿರುಗಾಳಿಗೆ ನೂಕುತ್ತದೆ. ಇದಕ್ಕೆ ಅರ್ಥಶಾಸ್ತ್ರದವರು ‘ಮುಳುಗಿದ ವೆಚ್ಚ’ ಎಂದು ಹೆಸರಿಟ್ಟಿದ್ದಾರೆ. ಓದಿ ಪುಸ್ತಕವನ್ನು ಮಡಿಯ ಮೇಲೆ ಮಗುಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮೂವತ್ತೆರಡನೆಯ ಕಂತಿನ ದಿನ ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ, ‘ಕಟ್ಟಿದ್ದು ಏನಾದೀತು’ ಎಂದಲ್ಲ. ‘ಈ 2,000 ರೂಪಾಯಿ ಇಂದು ಹೊಸದಾಗಿ ಕೈಗೆ ಬಂದಿದ್ದರೆ ಇವರಿಗೆ ಕೊಡುತ್ತಿದ್ದೆನೇ’ ಎಂದು.

ಇದೇ ಪುಸ್ತಕದಲ್ಲಿ ಸಂಬಳದಾರರೆಲ್ಲ ಓದಲೇಬೇಕಾದ ಒಂದು ಪ್ರಕರಣವಿದೆ. ಇಂದಿನ ಸಂಬಳದಲ್ಲಿ ಉಳಿಸೆಂದರೆ ಯಾರಿಗೂ ಆಗದು. ಕೈಗೆ ಬಂದದ್ದು ಕಡಮೆಯಾದಂತೆ ನೋವಾಗುತ್ತದೆ. ಆದಕಾರಣ ಥೇಲರ್ ಮತ್ತು ಶ್ಲೋಮೋ ಬೆನಾರ್ಟ್‌ಸಿ ಎಂಬವರು ಒಂದು ಕಾರ್ಖಾನೆಯ ನೌಕರರಿಗೆ ಬೇರೆ ಉಪಾಯ ಹೇಳಿದರು: ಈಗ ಏನೂ ಕಡಿಯುವುದಿಲ್ಲ, ಮುಂದೆ ಸಂಬಳ ಏರಿದಾಗಲೆಲ್ಲ ಏರಿದ್ದರಲ್ಲಿ ಒಂದು ಪಾಲು ಉಳಿತಾಯಕ್ಕೆ ಹೋಗಲಿ ಎಂದು ಇಂದೇ ಒಪ್ಪಿಕೊಳ್ಳಿ. ಒಪ್ಪಿದವರ ಉಳಿತಾಯ ನಲವತ್ತು ತಿಂಗಳಲ್ಲಿ ಸಂಬಳದ ನೂರಕ್ಕೆ 3.5ರಿಂದ 13.6ಕ್ಕೆ ಏರಿತು. ‘ನಾಳೆ ಎಂದವನ ಮನೆ ಹಾಳು’ ಎಂಬ ನಮ್ಮ ಗಾದೆಯನ್ನು ತಲೆಕೆಳಗು ಮಾಡಿ, ನಾಳೆ ಎನ್ನುವ ಚಪಲವನ್ನೇ ಮನೆ ಕಟ್ಟಲು ಹಚ್ಚಿದರಲ್ಲ! ನಾನೂ ಅಂದಿನಿಂದ ಪ್ರತಿ ವರ್ಷದ ವೇತನ ಬಡ್ತಿಯ ತಿಂಗಳಲ್ಲಿ ಅಂಚೆ ಕಚೇರಿಗೆ ಹೋಗಿ ಒಂದು ಚಿಕ್ಕ ಆರ್‌.ಡಿ. ಖಾತೆ ತೆರೆದು ಬರುತ್ತಿದ್ದೇನೆ. ಅದನ್ನು ಕಳೆದುಕೊಂಡೆನೆಂದು ನನಗೆ ಇದುವರೆಗೆ ಅನಿಸಿಲ್ಲ.

ಇನ್ನು ಎರಡನೆಯ ಪುಸ್ತಕ. ಥೇಲರ್ ಅವರಿಗೆ ಗುರುಸ್ಥಾನದಲ್ಲಿದ್ದವರು ಅರ್ಥಶಾಸ್ತ್ರಜ್ಞರಲ್ಲ, ಮನಶ್ಶಾಸ್ತ್ರಜ್ಞರು: ಇಸ್ರೇಲಿನ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ. ಟ್ವೆರ್ಸ್ಕಿ 1996ರಲ್ಲಿ ತೀರಿಕೊಂಡರು. ಕಾನೆಮನ್ 2002ರಲ್ಲಿ ನೊಬೆಲ್ ಪಡೆದು, 2024ರಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ಕಾಲವಾದರು. ಇಬ್ಬರ ಜೀವಮಾನದ ಕೆಲಸವನ್ನು ಕಾನೆಮನ್ 2011ರಲ್ಲಿ ‘ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ’ ಎಂಬ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ದಪ್ಪ ಪುಸ್ತಕ, ಮೂವತ್ತೆಂಟು ಅಧ್ಯಾಯ. ದಿಗಿಲುಬೀಳಬೇಡಿ. ಪುರಾಣ ಹೇಳಿಸುವಂತೆ ರಾತ್ರಿಗೊಂದು ಅಧ್ಯಾಯವಾದರೆ ಆಯಿತು, ಅಧ್ಯಾಯಗಳು ಚಿಕ್ಕವು.

ಮನಸ್ಸಿನಲ್ಲಿ ಎರಡು ಬಗೆಯ ನಡಿಗೆ ಎನ್ನುತ್ತಾರೆ ಅವರು. ಒಂದು ಓಡುವುದು, ಇನ್ನೊಂದು ಕಾಲೆಳೆಯುತ್ತ ಬರುವುದು. ಪರೀಕ್ಷಿಸಿ ನೋಡಬೇಕೆ? ಒಂದು ಪುಸ್ತಕವೂ ಒಂದು ಪೆನ್ನೂ ಸೇರಿ 110 ರೂಪಾಯಿ. ಪುಸ್ತಕದ ಬೆಲೆ ಪೆನ್ನಿನ ಬೆಲೆಗಿಂತ 100 ರೂಪಾಯಿ ಹೆಚ್ಚು. ಪೆನ್ನಿಗೆಷ್ಟು? ಅವರ ಪುಸ್ತಕದಲ್ಲಿ ಇದು ದಾಂಡು-ಚೆಂಡಿನ ಲೆಕ್ಕ. ನಾನು ನಮ್ಮ ಹತ್ತನೆಯ ತರಗತಿಗೆ ಹೀಗೆ ತಿರುಗಿಸಿ ಕೇಳಿದೆ. ನಾಲ್ವತ್ತು ಕಂಠಗಳು ಒಟ್ಟಿಗೆ ‘ಹತ್ತು’ ಎಂದವು. ಪೆನ್ನಿಗೆ ಹತ್ತಾದರೆ ಪುಸ್ತಕಕ್ಕೆ ನೂರಹತ್ತು, ಒಟ್ಟು ನೂರಿಪ್ಪತ್ತಾಯಿತಲ್ಲ! ಉತ್ತರ ಐದು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ ಬೆರಳೆಣಿಸಿಕೊಂಡು ಐದು ಎಂದಳು. ಅವಳ ತಂದೆಗೆ ಸಂತೆಯಲ್ಲಿ ತರಕಾರಿ ವ್ಯಾಪಾರ. ಓಡುವ ಮನಸ್ಸು ಸುಲಭವಾದ ಪ್ರಶ್ನೆಯೊಂದನ್ನು ತಾನೇ ಹುಟ್ಟಿಸಿಕೊಂಡು ಅದಕ್ಕೆ ಉತ್ತರಿಸಿಬಿಡುತ್ತದೆ. ಕೇಳಿದ ಪ್ರಶ್ನೆ ಹಾಗೆಯೇ ನಿಂತಿರುತ್ತದೆ.

ಆಷಾಢದ ರಿಯಾಯಿತಿಯ ಕಾಲದಲ್ಲಿ ಸೀರೆಯಂಗಡಿಗೆ ಹೋಗುವ ಮುನ್ನ ಈ ಗ್ರಂಥದ ಹನ್ನೊಂದನೆಯ ಅಧ್ಯಾಯವನ್ನು ಓದಿಕೊಂಡರೆ ಲಾಭವುಂಟು. ಕಾನೆಮನ್ ಮತ್ತು ಟ್ವೆರ್ಸ್ಕಿ ಒಂದು ತಿರುಗಣೆಯನ್ನು 10ರಲ್ಲಿ ಇಲ್ಲವೆ 65ರಲ್ಲಿ ಮಾತ್ರ ನಿಲ್ಲುವಂತೆ ಗುಟ್ಟಾಗಿ ಹೊಂದಿಸಿದರು. ವಿದ್ಯಾರ್ಥಿಗಳ ಎದುರಿಗೆ ತಿರುಗಿಸಿ, ಬಂದ ಅಂಕಿಯನ್ನು ಬರೆಸಿ, ಆಮೇಲೆ ಕೇಳಿದರು: ವಿಶ್ವಸಂಸ್ಥೆಯ ರಾಷ್ಟ್ರಗಳಲ್ಲಿ ಆಫ್ರಿಕದವು ನೂರಕ್ಕೆ ಎಷ್ಟು? ತಿರುಗಣೆಗೂ ಆಫ್ರಿಕಕ್ಕೂ ಏನು ಸಂಬಂಧ? ಆದರೂ 10 ಕಂಡವರು ಸುಮಾರು 25 ಎಂದರು. 65 ಕಂಡವರು 45 ಎಂದರು. ಇದಕ್ಕೆ ಲಂಗರು ಎಂದು ಹೆಸರು. 2,400 ಎಂದು ಬರೆದು, ಅಡ್ಡಗೆರೆ ಹೊಡೆದು, ಕೆಳಗೆ 1,199 ಎಂದು ಕೆಂಪಕ್ಷರದಲ್ಲಿ ಬರೆದಿಡುವ ಅಂಗಡಿಯವನು ಕಾನೆಮನ್ನರನ್ನು ಓದಿದವನಲ್ಲ. ಆದರೆ ನಾವು ಆ ಸೀರೆ 1,199 ಬಾಳುವುದೇ ಎಂದು ನೋಡುವುದಿಲ್ಲ, 1,201 ಉಳಿಯಿತು ಎಂದು ಎಣಿಸುವೆವೆಂಬುದು ಅವನಿಗೆ ಚೆನ್ನಾಗಿ ಗೊತ್ತು.

ಇನ್ನೊಂದು ಪ್ರಯೋಗವನ್ನು ಮನೆಯಲ್ಲಿಯೇ ಕೇಳಿ ನೋಡಬಹುದು. 1981ರಲ್ಲಿ ಇವರು ಪ್ರಕಟಿಸಿದ್ದು. ಹತ್ತು ಡಾಲರ್ ಕೊಟ್ಟು ಕೊಂಡ ನಾಟಕದ ಟಿಕೆಟ್ಟು ಬಾಗಿಲಲ್ಲಿ ನೋಡಿದರೆ ಕಳೆದುಹೋಗಿದೆ, ಮತ್ತೊಂದು ಕೊಳ್ಳುವಿರಾ? ನೂರರಲ್ಲಿ 46 ಜನ ಮಾತ್ರ ಹೌದೆಂದರು. ಟಿಕೆಟ್ಟು ಇನ್ನೂ ಕೊಂಡಿಲ್ಲ, ಆದರೆ ಹತ್ತು ಡಾಲರಿನ ನೋಟು ದಾರಿಯಲ್ಲಿ ಬಿದ್ದುಹೋಗಿದೆ. ಈಗ ಟಿಕೆಟ್ಟು ಕೊಳ್ಳುವಿರಾ? 88 ಜನ ಹೌದೆಂದರು. ಹೋದದ್ದು ಎರಡು ಕಡೆಯೂ ಹತ್ತೇ. ಆದರೆ ಮನಸ್ಸಿನಲ್ಲಿ ಒಂದು ‘ನಾಟಕದ ಖಾತೆ’ಗೆ ಬಿತ್ತು, ಇನ್ನೊಂದು ಯಾವ ಖಾತೆಗೂ ಬೀಳಲಿಲ್ಲ. ನಮ್ಮ ಅಜ್ಜಿಯರು ಸಾಸಿವೆ ಡಬ್ಬಿಯಲ್ಲೊಂದಿಷ್ಟು, ಹುಂಡಿಯಲ್ಲೊಂದಿಷ್ಟು, ಸೆರಗಿನ ಗಂಟಿನಲ್ಲೊಂದಿಷ್ಟು ಹಣವಿಡುತ್ತಿದ್ದುದೂ ಇದೇ. ಅದನ್ನು ಮೌಢ್ಯವೆಂದು ನಾನು ಹೇಳಲಾರೆ. ಹುಂಡಿಯ ಹಣ ಮುಟ್ಟಬಾರದೆಂಬ ಕಟ್ಟಳೆಯಿಂದಲೇ ಎಷ್ಟೋ ಮನೆಗಳಲ್ಲಿ ಹೆರಿಗೆ ಬಾಣಂತನಗಳು ನಡೆದುವು.

ಲಾಭದ ಸುಖಕ್ಕಿಂತ ನಷ್ಟದ ದುಃಖ ಹೆಚ್ಚು ಭಾರ, ಸುಮಾರಾಗಿ ಇಮ್ಮಡಿ, ಎಂಬುದು ಇವರಿಬ್ಬರ ಮುಖ್ಯ ಸಿದ್ಧಾಂತಗಳಲ್ಲೊಂದು, 1979ರಲ್ಲಿ ಹೊರಬಂದದ್ದು. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂದವರು ಇಮ್ಮಡಿಗೆ ನಿಲ್ಲಲಿಲ್ಲ, ಇರಲಿ.

ಉಪಾಧ್ಯಾಯ ಬಂಧುಗಳು ಇಪ್ಪತ್ತಮೂರನೆಯ ಅಧ್ಯಾಯವನ್ನು ತಪ್ಪಿಸಬಾರದು. ಕಾನೆಮನ್ ಒಮ್ಮೆ ಪ್ರೌಢಶಾಲೆಗಳಿಗೆ ಪಠ್ಯಪುಸ್ತಕ ಬರೆಯುವ ಸಮಿತಿ ಕಟ್ಟಿದ್ದರು. ವಿಷಯ ಯಾವುದೆನ್ನುವಿರಿ? ತೀರ್ಮಾನಗಳನ್ನು ಸರಿಯಾಗಿ ಮಾಡುವುದು ಹೇಗೆಂಬುದು! ಕೆಲಸ ಎಷ್ಟು ದಿನ ಹಿಡಿದೀತೆಂದು ಎಲ್ಲರೂ ಚೀಟಿಯಲ್ಲಿ ಬರೆದರು: ಸುಮಾರು ಎರಡು ವರ್ಷ. ಆಮೇಲೆ ಸಮಿತಿಯಲ್ಲಿದ್ದ ಅನುಭವಿಯೊಬ್ಬರನ್ನು, ಇಂಥ ಬೇರೆ ಸಮಿತಿಗಳಿಗೆ ಎಷ್ಟು ಹಿಡಿಯಿತೆಂದು ಕೇಳಿದರು. ಅವರು ಮುಖ ಸಣ್ಣಗೆ ಮಾಡಿಕೊಂಡು, ನೂರಕ್ಕೆ ನಲವತ್ತು ಸಮಿತಿಗಳು ಮುಗಿಸಲೇ ಇಲ್ಲ, ಮುಗಿಸಿದವರಲ್ಲಿ ಏಳು ವರ್ಷಕ್ಕೆ ಕಡಮೆ ಯಾರೂ ತೆಗೆದುಕೊಳ್ಳಲಿಲ್ಲ ಎಂದರು. ಎರಡು ವರ್ಷವೆಂದು ಬರೆದವರಲ್ಲಿ ಅವರೂ ಒಬ್ಬರು. ಎಲ್ಲರೂ ಕೇಳಿದರು, ಕೇಳಿ, ಏನೂ ಆಗದವರಂತೆ ಕೆಲಸ ಮುಂದುವರಿಸಿದರು. ಎಂಟು ವರ್ಷ ಹಿಡಿಯಿತು. ಅಷ್ಟರಲ್ಲಿ ಶಿಕ್ಷಣ ಇಲಾಖೆಗೆ ಅದರಲ್ಲಿದ್ದ ಉತ್ಸಾಹ ಆರಿಹೋಗಿ, ಪುಸ್ತಕ ಯಾವ ಶಾಲೆಯನ್ನೂ ಸೇರಲಿಲ್ಲ. ತಮ್ಮ ಶಾಸ್ತ್ರವನ್ನು ತಾವೇ ಪಾಲಿಸಲಾರದೆ ಹೋದೆವೆಂದು ಆ ಮಹನೀಯರು ಬರೆದಿರುವ ರೀತಿ ನನಗೆ ಇಡೀ ಗ್ರಂಥದಲ್ಲಿ ಅತ್ಯಂತ ಪ್ರಿಯವಾದುದು.

ಆದರೆ ಈ ಗ್ರಂಥವನ್ನು ವೇದವೆಂದು ಓದಬೇಡಿ. ನಾಲ್ಕನೆಯ ಅಧ್ಯಾಯದಲ್ಲಿ, ಮುಪ್ಪಿಗೆ ಸಂಬಂಧಿಸಿದ ಪದಗಳನ್ನು ಕಂಡವರು ಎದ್ದು ನಿಧಾನವಾಗಿ ನಡೆದರೆಂಬಂಥ ಪ್ರಯೋಗಗಳ ವಿಷಯವಿದೆ. ಬೇರೆಯವರು ಮತ್ತೆ ಮಾಡಿ ನೋಡಿದಾಗ ಅಂಥವುಗಳಲ್ಲಿ ಹಲವು ನಿಲ್ಲಲಿಲ್ಲ. ಚಿಕ್ಕ ಚಿಕ್ಕ ಪ್ರಯೋಗಗಳ ಮೇಲೆ ಅತಿಯಾದ ವಿಶ್ವಾಸವಿಟ್ಟೆನೆಂದು ಕಾನೆಮನ್ 2017ರಲ್ಲಿ ತಾವೇ ಬಹಿರಂಗವಾಗಿ ಒಪ್ಪಿಕೊಂಡರು. ಈ ವಿಷಯದ ಇನ್ನೊಂದು ಪ್ರಸಂಗವಂತೂ ವಿಚಿತ್ರ: ಪ್ರಮಾಣಪತ್ರದ ಕೆಳಗೆ ಸಹಿ ಹಾಕಿಸುವ ಬದಲು ಮೇಲೆಯೇ ಹಾಕಿಸಿದರೆ ಜನ ಹೆಚ್ಚು ಪ್ರಾಮಾಣಿಕರಾಗುತ್ತಾರೆಂದು 2012ರಲ್ಲಿ ಪ್ರಕಟವಾದ ಒಂದು ಲೇಖನವನ್ನು 2021ರಲ್ಲಿ ಹಿಂತೆಗೆಯಬೇಕಾಯಿತು, ಅದರ ಅಂಕಿಗಳೇ ಪ್ರಾಮಾಣಿಕವಾಗಿರಲಿಲ್ಲ. ಈ ಕಾರಣಕ್ಕಾಗಿ, ಅಂಗಡಿಯಲ್ಲಿ ರಾಶಿಬಿದ್ದಿರುವ ‘ಮನಸ್ಸಿನ ಗುಟ್ಟು’ ಬಗೆಯ ಪುಸ್ತಕಗಳಲ್ಲಿ ಪುಟಕ್ಕೊಂದು ಆಶ್ಚರ್ಯವನ್ನು ತೋರಿಸುವವುಗಳ ವಿಷಯದಲ್ಲಿ ಕೈ ಬಿಗಿಹಿಡಿಯಿರಿ. ಪಾಠಾಂತರ ನೋಡದೆ ಪದ್ಯಕ್ಕೆ ಅರ್ಥ ಹೇಳಬಾರದೆಂದು ನಮಗೆ ಗುರುಗಳು ಕಲಿಸಿದ್ದರು. ಪ್ರಯೋಗಗಳಿಗೂ ಅದೇ ನಿಯಮ.

ಇದುವರೆಗೆ ಹೇಳಿದ್ದೆಲ್ಲ ಕೈಯಲ್ಲಿ ನಾಲ್ಕು ಕಾಸಿರುವವರ ಮಾತು. ಇಲ್ಲದವರ ತೀರ್ಮಾನಗಳು ಹೇಗೆ ನಡೆಯುತ್ತವೆ? ಇದಕ್ಕೆ ಎರಡು ಪುಸ್ತಕಗಳಿವೆ. ಎರಡರಲ್ಲಿಯೂ ನಮ್ಮ ದೇಶ ಬರುತ್ತದೆ.

ಮೊದಲನೆಯದು, ಕಲ್ಕತ್ತೆಯಲ್ಲಿ ಬೆಳೆದ ಅಭಿಜಿತ್ ಬ್ಯಾನರ್ಜಿ ಮತ್ತು ಫ್ರಾನ್ಸಿನ ಎಸ್ತರ್ ಡುಫ್ಲೊ ಬರೆದ ‘ಪೂರ್ ಎಕನಾಮಿಕ್ಸ್’, 2011ರದು. ಮೈಕೇಲ್ ಕ್ರೆಮರ್ ಎಂಬವರೊಡನೆ ಇವರಿಗೆ 2019ರಲ್ಲಿ ನೊಬೆಲ್ ಬಂದಿತು. ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ಸೇವಾ ಮಂದಿರ ಎಂಬ ಸಂಸ್ಥೆಯೊಡನೆ ಇವರ ತಂಡ ನಡೆಸಿದ ಕೆಲಸ ನೋಡಿ. ಏನೂ ಮಾಡದ ಹಳ್ಳಿಗಳಲ್ಲಿ ನೂರಕ್ಕೆ 6 ಮಕ್ಕಳಿಗೆ ಮಾತ್ರ ಲಸಿಕೆಗಳೆಲ್ಲ ಪೂರ್ತಿಯಾಗಿದ್ದವು. ತಿಂಗಳಿಗೊಮ್ಮೆ ತಪ್ಪದೆ ಲಸಿಕೆಯ ಶಿಬಿರ ನಡೆಸಿದ ಕಡೆ ಅದು 18 ಆಯಿತು. ಶಿಬಿರದ ಜೊತೆಗೆ, ಬಂದ ತಾಯಿಗೆ ಪ್ರತಿ ಸಲವೂ ಒಂದು ಕಿಲೋ ಬೇಳೆ, ಎಲ್ಲ ಲಸಿಕೆ ಮುಗಿದ ಮೇಲೆ ಸ್ಟೀಲ್ ತಟ್ಟೆಗಳು ಎಂದ ಕಡೆ 39ಕ್ಕೆ ಏರಿತು. ಲಸಿಕೆ ಬೇಡವೆಂಬ ಹಟ ಅಷ್ಟು ಗಟ್ಟಿಯಾಗಿದ್ದಿದ್ದರೆ ಒಂದು ಕಿಲೋ ಬೇಳೆಗೆ ಕರಗುತ್ತಿತ್ತೆ? ಅಲ್ಲಿ ಇದ್ದದ್ದು ಹಟವಲ್ಲ; ಇವತ್ತು ಕೂಲಿ ಇದೆ, ಬರುವ ತಿಂಗಳು ಹೋದರಾಯಿತು ಎಂಬ, ನಮ್ಮೆಲ್ಲರಲ್ಲೂ ಇರುವ ಮುಂದೂಡಿಕೆ. ನಮ್ಮ ಮುಂದೂಡಿಕೆಯನ್ನು ತಡೆಯಲು ಕಚೇರಿ, ಬ್ಯಾಂಕು, ಸಂಬಳದಲ್ಲೇ ಹಿಡಿಯುವ ಭವಿಷ್ಯನಿಧಿ ಎಲ್ಲ ಉಂಟು. ಅವರಿಗೆ ಯಾರುಂಟು?

ಎರಡನೆಯದು, ಸೆಂಧಿಲ್ ಮುಲ್ಲೈನಾಥನ್ ಮತ್ತು ಎಲ್ಡಾರ್ ಶಫೀರ್ ಬರೆದ ‘ಸ್ಕೇರ್ಸಿಟಿ’, 2013ರದು. ಅಭಾವ ಎಂದು ಅರ್ಥ. ಇವರು ತಮ್ಮ ಸಂಗಡಿಗರೊಡನೆ ತಮಿಳುನಾಡಿನ 464 ಮಂದಿ ಕಬ್ಬು ಬೆಳೆಗಾರರನ್ನು ಪರೀಕ್ಷಿಸಿದರು. ಕಬ್ಬಿನವನಿಗೆ ಹಣ ಬರುವುದು ವರ್ಷಕ್ಕೊಮ್ಮೆ. ಕಟಾವಿಗೆ ಮುಂಚೆ ಕೈ ಬರಿದು, ಒಡವೆ ಗಿರವಿ, ಸಾಲ. ಕಟಾವಾದ ಮೇಲೆ ನಿರಾಳ. ಅದೇ ರೈತನಿಗೆ ಕಟಾವಿಗೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ಬುದ್ಧಿಯ ಪರೀಕ್ಷೆಗಳನ್ನು ಕೊಟ್ಟರು. ಮುಂಚೆ ತಪ್ಪಿದವನು ಆಮೇಲೆ ಚೆನ್ನಾಗಿ ಉತ್ತರಿಸಿದನು. ಮನುಷ್ಯ ಅವನೇ, ತಲೆ ಅದೇ. ಆದರೆ ಮುಂಚೆ ಆ ತಲೆಯ ಬಹುಭಾಗವನ್ನು ಸಾಲದ ಲೆಕ್ಕ ಆಕ್ರಮಿಸಿಕೊಂಡಿತ್ತು.

ಇದನ್ನು ಓದಿದ ದಿನ ನನಗೆ ಬೇರೊಂದು ನೆನಪು ಬಂದು ಚುಚ್ಚಿತು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬನ ತಂದೆ ವಿದ್ಯಾರ್ಥಿವೇತನದ ಅರ್ಜಿಯನ್ನು ಗಡುವು ಮುಗಿದು ನಾಲ್ಕು ದಿನಕ್ಕೆ ತಂದರು. ಮೂರು ಸಲ ಹೇಳಿ ಕಳಿಸಿದ್ದೆ. ಅವರು ರಾಗಿ ಬೆಳೆಯುವವರು. ಆ ವರ್ಷ ಮಳೆ ಕೈಕೊಟ್ಟಿತ್ತು. “ಮರೆತುಹೋಯಿತು ಮೇಷ್ಟ್ರೇ” ಎಂದರು. ಸಿಬ್ಬಂದಿ ಕೋಣೆಯಲ್ಲಿ ಎಲ್ಲರ ಎದುರಿಗೆ ನಾನು, “ಹೆತ್ತ ಮಗನ ವಿಷಯವನ್ನೂ ಮರೆಯುತ್ತೀರಾ? ನಿಮಗೆ ಜವಾಬ್ದಾರಿ ಎಂಬುದೇ ಇಲ್ಲವೇ?” ಎಂದೆ. ಅವರು ಏನೂ ಹೇಳಲಿಲ್ಲ. ಅರ್ಜಿಯನ್ನು ನಾಲ್ಕು ಮಡಿಕೆ ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋದರು. ಆ ಹುಡುಗನಿಗೆ ಆ ವರ್ಷ ವೇತನ ಬರಲಿಲ್ಲ. ಬೀಗ ಬಿದ್ದ ಕಚೇರಿಗೆ ಹದಿನಾಲ್ಕು ಕಂತು ಕಟ್ಟಿ ಬಂದ ಮಹಾ ಜವಾಬ್ದಾರನು ನಾನು!

ಈಗ ಜೂನ್ ತಿಂಗಳ ಮೊದಲ ವಾರದಲ್ಲಿಯೇ ಅರ್ಜಿಗಳನ್ನು ತರಗತಿಯಲ್ಲಿ ಕುಳಿತು ಮಕ್ಕಳ ಕೈಯಲ್ಲೇ ತುಂಬಿಸುತ್ತೇವೆ. ತಂದೆಯೋ ತಾಯಿಯೋ ಸಹಿ ಹಾಕಿದರೆ ಸಾಕು. ಆ ತಂದೆಯನ್ನು ಮತ್ತೆ ಕಂಡು ಮಾತಾಡಬೇಕೆಂದು ಬಹಳ ಸಲ ಅಂದುಕೊಂಡಿದ್ದೇನೆ, ಇನ್ನೂ ಆಗಿಲ್ಲ.

ಇಷ್ಟನ್ನು ಓದಿ, ಈ ಶಾಸ್ತ್ರದ ವಂಶಾವಳಿಯನ್ನೂ ತಿಳಿಯಬೇಕೆಂಬ ಕುತೂಹಲ ಹುಟ್ಟಿದವರಿಗೆ ರಾಬರ್ಟ್ ಹೈಲ್‌ಬ್ರೋನರ್ 1953ರಲ್ಲಿ ಬರೆದ ‘ದಿ ವರ್ಲ್ಡ್‌ಲಿ ಫಿಲಾಸಫರ್ಸ್’ ಒಂದೇ ಸಾಕು. ಆಡಂ ಸ್ಮಿತ್ತನಿಂದ ಕೇನ್ಸನವರೆಗೆ ಒಬ್ಬೊಬ್ಬರ ಬಾಳನ್ನೂ ಬರಹವನ್ನೂ ಕಥೆಯಂತೆ ಹೇಳುತ್ತದೆ. ಸ್ಮಿತ್ತನನ್ನು ಲಾಭಕೋರರ ಆಚಾರ್ಯನೆಂದು ಬಗೆದಿದ್ದ ನನಗೆ ಅವನ ವಿಷಯದಲ್ಲಿ ಹೊಸ ಗೌರವ ಹುಟ್ಟಿತು. 1776ರ ಆ ಪ್ರಸಿದ್ಧ ಗ್ರಂಥಕ್ಕೆ ಹದಿನೇಳು ವರ್ಷ ಮುಂಚೆ, 1759ರಲ್ಲಿ, ಅವನು ಬರೆದದ್ದು ನೀತಿಯನ್ನೂ ಮನುಷ್ಯರ ಪರಸ್ಪರ ಅನುಕಂಪವನ್ನೂ ಕುರಿತ ಪುಸ್ತಕ. ಅದಕ್ಕೂ ಹಿಂದೆ, 1748ರಿಂದ, ಎಡಿನ್‌ಬರೋ ನಗರದಲ್ಲಿ ಅವನು ಉಪನ್ಯಾಸ ಕೊಡುತ್ತಿದ್ದದ್ದು ಅಲಂಕಾರ ಮತ್ತು ಸಾಹಿತ್ಯವನ್ನು ಕುರಿತು. ಅಂದರೆ ಅರ್ಥಶಾಸ್ತ್ರದ ಮೂಲಪುರುಷನು ನಮ್ಮ ಜಾತಿಯವನೇ, ಸಾಹಿತ್ಯದ ಮೇಷ್ಟ್ರು! ಈ ಸಂಗತಿಯನ್ನು ಗಣಿತದ ಮೇಷ್ಟ್ರಿಗೆ ನಾನು ಎರಡು ಮೂರು ಸಲ ಹೇಳಿದ್ದೇನೆ.

ಇಷ್ಟೆಲ್ಲ ಓದಿದವನು ಈಗ ಹೇಗಿದ್ದಾನೆ ಎಂದು ತಾವು ಕೇಳಬಹುದು. ನನಗೆ ನಿವೃತ್ತಿ ಹತ್ತಿರವಾಗುತ್ತಿದೆ. ಬರುವ ಹಣದ ವಾಸನೆ ಹಿಡಿದು ಈಗಾಗಲೇ ಇಬ್ಬರು ಮೂವರು, ಒಂದಕ್ಕೆರಡು ಮಾಡಿಕೊಡುವವರು, ಮನೆಯ ಕಡೆ ಓಡಾಡತೊಡಗಿದ್ದಾರೆ. ಮನೆಯ ಜಮಾಖರ್ಚಿನ ಪುಸ್ತಕದ ರಟ್ಟಿನ ಮೇಲೆ ನನ್ನಾಕೆ, ‘ಇಂದು ಹೊಸದಾಗಿ ಕೈಗೆ ಬಂದಿದ್ದರೆ?’ ಎಂದು ಬರೆದಿಟ್ಟಿದ್ದಾಳೆ. ಅವರು ಬಂದಾಗಲೆಲ್ಲ ಪುಸ್ತಕವನ್ನು ಮೇಜಿನ ಮೇಲೆ ನನಗೆ ಕಾಣುವಂತೆ ಇಡುತ್ತಾಳೆ. ಇದುವರೆಗೆ ಅದು ಕೆಲಸ ಮಾಡಿದೆ. ಆದರೆ ಹೋದ ತಿಂಗಳು ಹಳೆಯ ರುಬ್ಬುವ ಯಂತ್ರವನ್ನು ಮೂರನೆಯ ಸಲ ರಿಪೇರಿಗೆ ಕೊಟ್ಟು 1,800 ರೂಪಾಯಿ ತೆತ್ತು ಬಂದೆ. “ಇದಕ್ಕೆ ಈಗಾಗಲೇ ಮೂರು ಸಾವಿರ ಹಾಕಿದ್ದೇವಲ್ಲ” ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು, “ಕಾನೆಮನ್ನರ ಮೂವತ್ತೆರಡನೆಯ ಅಧ್ಯಾಯವಲ್ಲವೇ ಇದು?” ಎಂದು ಕೇಳಿದಳು. ಅವಳು ನನಗಿಂತ ಮುಂದೆ ಓದುತ್ತಿದ್ದಾಳೆಂಬುದು ನನಗೆ ತಿಳಿದದ್ದು ಆಗಲೇ. ಇಷ್ಟು ವರ್ಷ ಈ ವಿಷಯವನ್ನೇ ಅಭ್ಯಸಿಸಿದರೂ ತಮ್ಮ ಓಡುವ ಮನಸ್ಸು ಹೆಚ್ಚೇನೂ ಸುಧಾರಿಸಲಿಲ್ಲ, ಬೇರೆಯವರ ತಪ್ಪು ಗುರುತಿಸುವುದು ಮಾತ್ರ ಸುಲಭವಾಯಿತು ಎಂದು ಕಾನೆಮನ್ನರೂ ಬರೆದಿದ್ದಾರೆ.

ಪುಸ್ತಕಗಳಿಗೆ ಹಣ ಸುರಿಯಬೇಕಾಗಿಲ್ಲ. ತಮ್ಮ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ತರಿಸಿಕೊಡಿರೆಂದು ಬರೆದು ಕೊಡಿ. ನಾಲ್ಕು ಜನ ಬರೆದು ಕೊಟ್ಟರೆ ಗ್ರಂಥಪಾಲಕರಿಗೂ ಮೇಲಿನವರನ್ನು ಕೇಳಲು ಅನುಕೂಲ. ಇಲ್ಲವೆ ನೆರೆಯ ಐದು ಮನೆಯವರು ಸೇರಿ ಒಂದೊಂದು ಪುಸ್ತಕ ಕೊಂಡು ಸುತ್ತಿಸಿಕೊಳ್ಳಬಹುದು. ನಾವು ಹಾಗೆಯೇ ಮಾಡಿದ್ದೇವೆ. ‘ಮಿಸ್‌ಬಿಹೇವಿಂಗ್’ ಪುಸ್ತಕದ ನಮ್ಮ ಪ್ರತಿ ಸದ್ಯಕ್ಕೆ ಗಣಿತದ ಮೇಷ್ಟ್ರ ಮನೆಯಲ್ಲಿದೆ. ಹಿಂತಿರುಗಿಸಬೇಕಾದ ದಿನ ದಾಟಿ ಎರಡು ವಾರವಾಯಿತು. ಕೇಳಿದರೆ, ನಾಳೆ ತರುತ್ತೇನೆ ಎನ್ನುತ್ತಾರೆ.